ಪದಚರ್ಚೆ: ಕಿಟಕಿಗೆ ಪರದೆಯೋ ತೆರೆಯೋ? ಬಟ್ಟೆಯ ‘ಫುಲ್‌ನೆಸ್’ಗೆ ಕನ್ನಡವೇನು?

ಗೆಳೆಯರೇ,

ಮನೆಯ ಒಳಾಂಗಣ ಕುರಿತ ಕೈಪಿಡಿಯೊಂದನ್ನು ಅನುವಾದಿಸುತ್ತಿದ್ದೇನೆ. ನಾಳೆ ಬೆಳಗ್ಗೆ ಅದು ಅಚ್ಚಿಗೆ ಹೋಗಬೇಕು. ಪರದೆಯ ಕಂಬಿಯನ್ನು ಕಿಟಕಿಯ ಚೌಕಟ್ಟಿಗಿಂತ 10–15 ಸೆಂಟಿಮೀಟರ್ ಮೇಲೆ ಕೂರಿಸಿದರೆ ಕೋಣೆ ಎತ್ತರವಾಗಿ ಕಾಣುತ್ತದೆ, ಎರಡೂ ಬದಿಗೆ 20 ಸೆಂಟಿಮೀಟರ್ ಚಾಚಿಸಿದರೆ ಕಿಟಕಿ ಅಗಲವಾಗಿ ಕಾಣುತ್ತದೆ ಎನ್ನುವವರೆಗೆ ತೊಡಕಿರಲಿಲ್ಲ. ಸಿಕ್ಕಿಕೊಂಡದ್ದು ಮುಂದಿನ ಸಾಲಿನಲ್ಲಿ. ಬಟ್ಟೆಯ ಅಗಲ ಕಂಬಿಯ ಉದ್ದದ 2ರಿಂದ 2.5 ಪಟ್ಟು ಇರಬೇಕು. ಇಲ್ಲದಿದ್ದರೆ ಎಳೆದು ಮುಚ್ಚಿದಾಗ ಒಣಹಾಕಿದ ಹೊದಿಕೆಯಂತೆ ಚಪ್ಪಟೆಯಾಗಿರುತ್ತದೆ. ಈ ಅಳತೆಗೆ ಇಂಗ್ಲಿಷಿನವರು ‘ಫುಲ್‌ನೆಸ್’ ಎನ್ನುತ್ತಾರೆ. ‘ಪೂರ್ಣತೆ’, ‘ತುಂಬುತನ’ ಎರಡನ್ನೂ ಬರೆದು ಹೊಡೆದುಹಾಕಿದೆ. ಪುಸ್ತಕದುದ್ದಕ್ಕೂ ‘ಪರದೆ’ ಎಂದೇ ಬಳಸಿದ್ದೇನೆ. ಸರಿಯೇ?

ಉತ್ತರ 1

ಸರಿಯಲ್ಲ. ‘ಪರದೆ’ ಪಾರಸಿಯದು, ‘ತೆರೆ’ ಇರುವಾಗ ಅದು ಏಕೆ ಬೇಕು? ಕಡಲಿನ ಅಲೆ, ಚರ್ಮದ ಸುಕ್ಕು, ಇಳಿಬಿಟ್ಟ ಬಟ್ಟೆ ಮೂರಕ್ಕೂ ನಮ್ಮದು ಒಂದೇ ಮಾತು. ತಮಿಳಿನ ‘ತಿರೈ’ಯೂ ಹಾಗೆಯೇ. ‘ನೆರೆ ಕೆನ್ನೆಗೆ, ತೆರೆ ಗಲ್ಲಕೆ’ ಎಂದು 12ನೆಯ ಶತಮಾನದಲ್ಲಿ ಬಸವಣ್ಣನವರು ಹೇಳಿದ್ದು ಈ ಸುಕ್ಕನ್ನೇ. ಅಲೆಯಲೆಯಾಗಿ ನಿಲ್ಲದ ಬಟ್ಟೆಯನ್ನು ತೆರೆ ಎನ್ನುವಂತೆಯೇ ಇಲ್ಲ. ನಿಮ್ಮ ಫುಲ್‌ನೆಸ್ ಆ ಪದದೊಳಗೇ ಕುಳಿತಿದೆ. ‘ತೆರೆತನ’ ಎಂದು ಬಳಸಿ.

ಉತ್ತರ 2

‘ತೆರೆತನ’ ಒಬ್ಬರಿಗೂ ಅರ್ಥವಾಗದು. ‘ಬೆಳಗ್ಗೆ ತೆರೆಯನ್ನು ತೆರೆಯಿರಿ’ ಎಂದು ಅಚ್ಚು ಹಾಕಿಸುತ್ತೀರಾ? ಪರದೆಯನ್ನು ಪರದೆಯಾಗಿಯೇ ಬಿಡಿ.

ಉತ್ತರ 1ರವರಿಂದ

ಗೊಂದಲ ಪದದ್ದಲ್ಲ, ನಾವು ಶಕಟರೇಫವನ್ನು, ಅಂದರೆ ಹಳಗನ್ನಡದ ಇನ್ನೊಂದು ರಕಾರವಾದ ‘ಱ’ವನ್ನು, ಕೈಬಿಟ್ಟದ್ದರಿಂದ ಬಂದದ್ದು. ಹಳಗನ್ನಡದಲ್ಲಿ ಬಾಗಿಲನ್ನು ‘ತೆಱೆ’ಯುತ್ತಿದ್ದರು, ‘ತೆರಿಗೆ’ಯೂ ಶಕಟರೇಫದ್ದೇ. ಅಲೆಯ ‘ತೆರೆ’ಗೆ ಸಾಮಾನ್ಯ ರೇಫ, ಅಂದರೆ ಇಂದಿನ ‘ರ’. ಎರಡಕ್ಕೂ ನಂಟಿಲ್ಲ. ‘ತೆರೆಯನ್ನು ಸರಿಸಿ’ ಎಂದು ಬರೆದರೆ ತೊಂದರೆಯೆಲ್ಲಿದೆ? ಇದ್ದ ಪದವನ್ನು ಬಳಸದೆ ಸೊರಗಿಸಿ, ಆಮೇಲೆ ಕನ್ನಡದಲ್ಲಿ ಪದವೇ ಇಲ್ಲ ಎನ್ನುವುದನ್ನು ಎಷ್ಟು ದಿನ ಕೇಳಬೇಕು?

ಉತ್ತರ 3

ಕೇಳಿದ್ದು ಒಂದು, ನಡೆಯುತ್ತಿರುವುದು ಇನ್ನೊಂದು. ಹೊಲಿಯುವವರು ಇದಕ್ಕೆ ನಾಮಪದವನ್ನೇ ಹುಡುಕುವುದಿಲ್ಲ. ‘ನೆರಿಗೆಗೆ ಎರಡು ಪಟ್ಟು ಬಟ್ಟೆ ಬಿಡಿ’ ಎನ್ನುತ್ತಾರೆ, ಕೆಲಸ ಮುಗಿಯಿತು. ಸೀರೆಗೂ ಲಂಗಕ್ಕೂ ಇರುವ ನೆರಿಗೆಯೇ ಇಲ್ಲಿಯೂ ಇರುವುದು. ಇಂಗ್ಲಿಷಿನಲ್ಲಿ ನಾಮಪದವಿದೆ ಎಂದ ಮಾತ್ರಕ್ಕೆ ನಾವೂ ಒಂದಕ್ಕೆ ‘ತನ’ ಅಂಟಿಸಬೇಕಾಗಿಲ್ಲ. ಕ್ರಿಯಾಪದದಲ್ಲಿ ಹೇಳಿ. ಅಳತೆಯ ಪಟ್ಟಿಗೆ ಹೆಸರು ಬೇಕೇ ಬೇಕೆಂದರೆ ‘ನೆರಿಗೆಯ ಪಟ್ಟು’ ಸಾಕು.

‘ತೆರೆ’ ಸೊರಗಿದೆ ಎಂಬುದನ್ನು ಒಪ್ಪಲಾರೆ. ಬೆಳ್ಳಿತೆರೆ, ಕಿರುತೆರೆ, ತೆರೆಮರೆ ಎಂದು ದಿನವೂ ಬರೆಯುತ್ತೇವೆ. ಅದು ರಂಗಕ್ಕೂ ಸಿನಿಮಾಕ್ಕೂ ಹೋಯಿತು, ಮನೆಗೆ ಪರದೆ ಬಂದಿತು. ‘ತೆರೆ ಎಳೆದರು’ ಎಂದರೆ ಇಂದಿನ ಓದುಗ ಏನೋ ಮುಗಿಯಿತೆಂದು ತಿಳಿಯುತ್ತಾನೆ. ಇನ್ನು ಹೊರಗಿನದೆಂಬ ಕಾರಣಕ್ಕೆ ಪರದೆಯನ್ನು ಕಳಚುವುದಾದರೆ ಅದರ ಹಿಂದಿರುವ ಕಿಟಕಿಯನ್ನೂ, ಅದನ್ನು ಹೊಲಿದ ದರ್ಜಿಯನ್ನೂ ಕಳಿಸಬೇಕಾಗುತ್ತದೆ.

ಉತ್ತರ 1ರವರಿಂದ

ಕಿಟಕಿಗೆ ‘ಬೆಳಕಂಡಿ’ ಇದೆ. ಬಳಸಿದರೆ ಉಳಿಯುತ್ತದೆ.

ಉತ್ತರ 2ರವರಿಂದ

ಬೆಳಕಂಡಿ ಗೋಡೆಯ ಮೇಲ್ಭಾಗದಲ್ಲಿ ಬೆಳಕಿಗಾಗಿ ಬಿಟ್ಟ ಕಿರುಗಂಡಿ. ಅದಕ್ಕೆ ಯಾರೂ ನೆಲ ಮುಟ್ಟುವ ಬಟ್ಟೆ ತೂಗುಹಾಕುವುದಿಲ್ಲ.

ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ‘ಪರದೆ’ ಉಳಿಯಿತು, ‘ತೆರೆತನ’ವನ್ನು ಬಿಟ್ಟೆ. ಸಾಲು ಹೀಗಾಗಿದೆ: ‘ಕಂಬಿಯ ಉದ್ದದ ಎರಡರಿಂದ ಎರಡೂವರೆ ಪಟ್ಟು ಬಟ್ಟೆ ಬಿಟ್ಟರೆ, ಮುಚ್ಚಿದಾಗಲೂ ಪರದೆ ಚಪ್ಪಟೆಯಾಗದೆ ತೆರೆತೆರೆಯಾಗಿ ನೆಲದವರೆಗೆ ಇಳಿಯುತ್ತದೆ.’