ಕಾಂಪೌಂಡಿನ ಕಣಗಿಲೆ: ಮಗುವಿರುವ ಮನೆಯಲ್ಲಿ ಇಡಬಹುದೇ?

ಪ್ರಶ್ನೆ (ಕೈತೋಟ_ಹಾಸನ):
30×40 ಸೈಟು. ಕಾಂಪೌಂಡಿಗೆ ಒತ್ತಿಕೊಂಡು ನಾಲ್ಕು ಗುಲಾಬಿ ಕಣಗಿಲೆ, ಗೇಟಿನ ಪಕ್ಕ ಒಂದು ಹಳದಿ ಕಣಗಿಲೆ. ಎಲ್ಲವೂ ಆಳೆತ್ತರ ದಾಟಿವೆ. ಒಂದೂವರೆ ವರ್ಷದ ಮಗುವಿದೆ. ಕಿತ್ತೇ ಹಾಕಬೇಕೋ, ಸವರಿ ಇಟ್ಟುಕೊಳ್ಳಬಹುದೋ? ಸವರಿದ ಸೊಪ್ಪನ್ನು ಮೇಕೆ ಸಾಕುವವರು ಕೇಳುತ್ತಿದ್ದಾರೆ, ಕೊಡಲೇ?

ಉತ್ತರ (ಹಸಿರುಬೇಲಿ):
ಮೇಕೆಗೆ ಖಂಡಿತ ಬೇಡ. ಗಿಡದ ಮೇಲಿನ ಹಸಿ ಎಲೆ ಕಹಿ, ದನಕರು ಮೂಸಿ ಬಿಟ್ಟುಬಿಡುತ್ತವೆ. ಹೆದ್ದಾರಿಯ ನಡುವೆ ಕಣಗಿಲೆ ನೆಡುವುದಕ್ಕೆ ಅದೂ ಒಂದು ಕಾರಣ. ಅದೇ ಎಲೆ ಬಾಡಿ ಹುಲ್ಲಿನಲ್ಲಿ ಬೆರೆತರೆ ತಿಂದುಬಿಡುತ್ತವೆ. ಒಣಗಿದರೂ, ಕುದಿಸಿದರೂ ವಿಷ ಹೋಗುವುದಿಲ್ಲ.

ಹಳದಿಯದನ್ನು ಮೊದಲು ತೆಗೆಯಿರಿ. ಅದರ ಹಸಿರು ಕಾಯಿ ಮಾಗಿ ಕಪ್ಪಾಗಿ ಉದುರುತ್ತದೆ, ಒಳಗಿನ ಗಟ್ಟಿ ಓಟೆ ಮಕ್ಕಳಿಗೆ ಆಟದ ಸಾಮಾನು. ಆ ಓಟೆಯೊಳಗಿನ ಬೀಜದಲ್ಲೇ ವಿಷ ಹೆಚ್ಚು. ಬರೀ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ, ಬೇರುಸಮೇತ ಅಗೆಯಿರಿ.

ಉತ್ತರ (ಕತ್ತರಿಕೈ):
ಗುಲಾಬಿಯದನ್ನು ಉಳಿಸುವುದಾದರೆ ಹೀಗೆ ಸವರಿ. ಹೂವಿನ ಭರಾಟೆ ಮುಗಿದ ಮೇಲೆ, ಎತ್ತರದ ಮೂರನೇ ಒಂದು ಭಾಗ. ಕಣಗಿಲೆಯ ಎಲೆ ಗಿಣ್ಣಿಗೆ ಮೂರರಂತೆ ಸುತ್ತಲೂ ಬರುತ್ತದೆ. ಗಿಣ್ಣಿನ ಮೇಲೆ ಕಾಲಂಗುಲ ಬಿಟ್ಟು ಕತ್ತರಿಸಿದರೆ ಎರಡು ಮೂರು ಕವಲು ಒಡೆಯುತ್ತವೆ. ಹೂ ಬರುವುದು ಹೊಸ ಚಿಗುರಿನ ತುದಿಯಲ್ಲೇ, ಹಾಗಾಗಿ ಚಿಗುರು ಬಂದ ಮೇಲೆ ಮತ್ತೆ ಕತ್ತರಿ ಆಡಿಸಿದರೆ ಆ ಸಲದ ಹೂ ಹೋಯಿತು. ರಬ್ಬರ್ ಗ್ಲೌಸ್, ತುಂಬು ತೋಳಿನ ಅಂಗಿ ಬೇಕು. ಸೊನೆ ಕಣ್ಣಿಗೆ ತಾಗಬಾರದು. ಕತ್ತರಿಯನ್ನು ಸೋಪಿನಲ್ಲಿ ತೊಳೆಯಿರಿ. ಕಸಕ್ಕೆ ಬೆಂಕಿ ಹಾಕಬೇಡಿ, ಹೊಗೆಯೂ ಕೆಟ್ಟದ್ದು. ಎರಡಡಿ ಗುಂಡಿಯಲ್ಲಿ ಹೂಳಿ.

ಎಳೆ ತುದಿಯಲ್ಲಿ ಹಳದಿ ಹೇನು ಮುತ್ತಬಹುದು, ಯೂರಿಯಾ ಜಾಸ್ತಿಯಾದರೆ ಇನ್ನೂ ಹೆಚ್ಚು. ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಎರಡು ಹನಿ ಸೋಪು ಕಲಸಿ ಸಂಜೆ ಹೊತ್ತು ಎಲೆಯಡಿಗೆ ಹೊಡೆಯಿರಿ.

ಉತ್ತರ (ಮಲ್ಲಿಗೆಚಪ್ಪರ):
ಗುಲಾಬಿಯದನ್ನು ಉಳಿಸಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ವಯಸ್ಸು ಅದು. ಉದುರಿದ ಹೂವೂ ವಿಷವೇ, ದಿನಕ್ಕೆರಡು ಸಲ ಗುಡಿಸುವವರು ಯಾರು? ಐದನ್ನೂ ತೆಗೆದು ದಾಸವಾಳ, ಕೇಪಳ ಹಾಕಿ. ಅವಕ್ಕೂ ಕಣಗಿಲೆಯಷ್ಟೇ ಬಿಸಿಲು ಸಾಕು, ಬೇಲಿಯೂ ಆಗುತ್ತದೆ. ಪೂಜೆಗೆ ಕಣಗಿಲೆ ಬೇಕೇಬೇಕೆಂದರೆ ಪ್ರಸಾದದ ತಟ್ಟೆಗೆ, ತೀರ್ಥಕ್ಕೆ ಹಾಕಬೇಡಿ. ಕೇರಳದ ತಿರುವಾಂಕೂರು ದೇವಸ್ವಂ ಮಂಡಳಿ 2024ರಲ್ಲಿ ನೈವೇದ್ಯ, ಪ್ರಸಾದದಿಂದ ಇದನ್ನು ಕೈಬಿಟ್ಟಿದೆ.

ಪ್ರಶ್ನೆ (ಕೈತೋಟ_ಹಾಸನ):
ತೆಗೆಯುವಷ್ಟರಲ್ಲಿ ಮಗು ಎಲೆ ಕಚ್ಚಿಬಿಟ್ಟರೆ?

ಉತ್ತರ (ಹಸಿರುಬೇಲಿ):
ಬಾಯಲ್ಲಿರುವುದನ್ನು ಬೆರಳಿಂದ ತೆಗೆದು, ಒದ್ದೆ ಬಟ್ಟೆಯಲ್ಲಿ ಬಾಯಿ ಒರೆಸಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. 108ಕ್ಕೆ ಕರೆ ಮಾಡಿ, ಎಲೆಯ ತುಂಡು ಜೊತೆಗಿರಲಿ. ಇದು ಹೃದಯದ ಬಡಿತವನ್ನೇ ಕೆಡಿಸುವ ವಿಷ, ಹೃದಯದ ಕಾಯಿಲೆಗೆ ಕೊಡುವ ಡಿಗಾಕ್ಸಿನ್ ಮಾತ್ರೆಯ ಜಾತಿಯದು. ಮಗು ಆಡಿಕೊಂಡಿದ್ದರೂ ಇಸಿಜಿ ಮಾಡಿಸಿ, ವೈದ್ಯರು ಇರಿ ಅಂದಷ್ಟು ಹೊತ್ತು ಆಸ್ಪತ್ರೆಯಲ್ಲೇ ಇರಿ.