ಐರ್ಲೆಂಡಿನ 22 ಅಕ್ಷರದ ಊರು: ಇಷ್ಟುದ್ದದ ಹೆಸರು ಹೇಗೆ ಬಂತು?

ಕೂಳೂರಿನವ

ಮಗಳಿಗೆ ಶಾಲೆಯ ಕ್ವಿಜ್‌ಗೆ ಓದಿಸುವಾಗ ಒಂದು ಊರಿನ ಹೆಸರು ಸಿಕ್ಕಿತು. ಮಕನಾಘೆಡರ್‌ಡಾಹಾಲಿಯಾ. ಐರ್ಲೆಂಡಿನ ಗಾಲ್ವೇ ಕೌಂಟಿಯಲ್ಲಿದೆಯಂತೆ. ಇಂಗ್ಲಿಷ್‌ನಲ್ಲಿ ಬರೆದರೆ 22 ಅಕ್ಷರ, ಆ ದೇಶದ ಅತಿ ಉದ್ದದ ಊರ ಹೆಸರುಗಳಲ್ಲಿ ಒಂದು ಅಂತ ಪುಸ್ತಕದಲ್ಲಿತ್ತು. ಮಗಳು ಮೊದಲ ಸಲ ‘ಘೆಡ’ದ ಹತ್ತಿರ ನಿಂತಳು, ಎರಡನೇ ಸಲ ಇಬ್ಬರಿಗೂ ನಗು ತಡೆಯಲಿಲ್ಲ, ಅಮ್ಮ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದು ‘ಎಂಥದ್ದು ಮಾರಾಯ?’ ಅಂತ ಕೇಳಿದರು.

ಆಮೇಲೆ ಮ್ಯಾಪ್‌ನಲ್ಲಿ ಹುಡುಕಿದೆ. ಅಲ್ಲಿ ಬೇರೆ ಥರವೇ ಇದೆ. ಬಿಡಿಬಿಡಿಯಾಗಿ ನಾಲ್ಕು ಪದ, ಕೆಲವು ಅಕ್ಷರದ ತಲೆ ಮೇಲೆ ಗೀಟು. ಎರಡೂ ಒಂದೇ ಊರಾ? ವೇಲ್ಸ್‌ನಲ್ಲಿ 58 ಅಕ್ಷರದ ಒಂದು ಊರಿದೆಯಲ್ಲ, 1860ರ ದಶಕದಲ್ಲಿ ಪ್ರವಾಸಿಗಳು ಬರಲಿ ಅಂತ ಬೇಕೆಂದೇ ಉದ್ದ ಮಾಡಿದ್ದು. ಇದೂ ಹಾಗೆಯಾ? ಗೊತ್ತಿದ್ದವರು ಹೇಳಿ.

ಕುಲಶೇಖರದ ನರ್ಸಕ್ಕ

ಎರಡೂ ಒಂದೇ ಊರು ಮಾರಾಯ್ರೆ. ಯಾರೂ ಬೇಕೆಂದು ಉದ್ದ ಮಾಡಿದ್ದಲ್ಲ. ನಾನು ಗಾಲ್ವೇಯಲ್ಲಿ ಆರು ವರ್ಷ ನರ್ಸ್ ಆಗಿದ್ದೆ.

ಐರಿಷ್ ಭಾಷೆಯಲ್ಲಿ ಅದು ‘ಮ್ವಿಕೆನಖ್ ಇಡಿರ್ ಘಾ ಹಾಲ್ಯ’. ಮೊದಲ ಪದ ‘ಮುಕ್’ನಿಂದ ಬಂದದ್ದು, ಮುಕ್ ಅಂದರೆ ಹಂದಿ. ಇಡಿರ್ ಅಂದರೆ ನಡುವೆ, ಘಾ ಅಂದರೆ ಎರಡು, ಹಾಲ್ಯ ಅಂದರೆ ಉಪ್ಪುನೀರು. ಎರಡು ಉಪ್ಪುನೀರಿನ ನಡುವಿನ ಹಂದಿದಿಬ್ಬ, ಅಷ್ಟೇ. ಹಂದಿಗಳಿದ್ದ ಜಾಗ ಅಂತಲೂ ಅರ್ಥ ಹೇಳುತ್ತಾರೆ, ಹಂದಿಯ ಬೆನ್ನಿನ ಹಾಗೆ ಉಬ್ಬಿದ ನೆಲ ಅಂತಲೂ ಹೇಳುತ್ತಾರೆ. ನನಗೆ ಎರಡನೆಯದೇ ಸರಿ ಅನಿಸುತ್ತದೆ. ಡೊನೆಗಾಲ್‌ನಲ್ಲಿ 666 ಮೀಟರ್ ಎತ್ತರದ ಮಕಿಶ್ ಬೆಟ್ಟ ಇದೆ, ಅದರ ಹೆಸರಿಗೂ ಹಂದಿಬೆನ್ನು ಅಂತಲೇ ಅರ್ಥ.

ಒಬ್ಬರು ಅಜ್ಜ ನಮ್ಮ ವಾರ್ಡಿನಲ್ಲಿದ್ದರು, ಕೊನೆಮಾರಾ ಕಡೆಯವರು, ಮನೆಯಲ್ಲಿ ಐರಿಷ್ ಮಾತಾಡುವವರು. ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ ನಾನು ಈ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಅವರು ನಕ್ಕು, ಪೆನ್ ಕೇಳಿ, ಔಷಧಿ ಚೀಟಿಯ ಹಿಂದೆ ನಾಲ್ಕು ಪದ ಬರೆದು ಕೊಟ್ಟರು. ‘ಹಾಲ್ಯ’ ಅನ್ನುವಾಗ ಅವರ ಬಾಯಲ್ಲಿ ಗಾಳಿ ಮಾತ್ರ ಬಂತು, ಅಷ್ಟು ಮೆತ್ತಗೆ. ಆ ಚೀಟಿ ಇನ್ನೂ ನನ್ನ ಬೈಬಲಿನ ಒಳಗಿದೆ.

ಮಜಲುಮನೆ, ಉಡುಪಿ

ಅಕ್ಕ, ಚಂದ ಹೇಳಿದ್ರಿ. ಆ ‘ಹಾಲ್ಯ’ದ ಬಗ್ಗೆ ಸ್ವಲ್ಪ ಸೇರಿಸುತ್ತೇನೆ, ನನಗೆ ಬಹಳ ಇಷ್ಟದ ವಿಷಯ.

ಮೂಲ ಪದ ‘ಸಾಲ್ಯ’. ಐರಿಷ್‌ನಲ್ಲಿ ಎರಡು ಅನ್ನುವ ಪದ ಆದ ಮೇಲೆ ಬಂದಾಗ ಮೊದಲ ಅಕ್ಷರ ಮೆತ್ತಗಾಗುತ್ತದೆ, ‘ಸ’ ಇದ್ದದ್ದು ‘ಹ’ ಆಗುತ್ತದೆ. ನಮ್ಮ ಆದೇಶ ಸಂಧಿ ನೆನಪು ಮಾಡಿಕೊಳ್ಳಿ. ಮಳೆ ಮತ್ತು ಕಾಲ ಸೇರಿದರೆ ಮಳೆಗಾಲ, ಯಾರೂ ಮಳೆಕಾಲ ಅನ್ನುವುದಿಲ್ಲ ಅಲ್ವಾ? ಐರಿಷ್‌ನವರು ‘ಸ’ ಅಕ್ಷರವನ್ನು ಬಿಡದೆ ಪಕ್ಕದಲ್ಲಿ ಒಂದು ‘ಎಚ್’ ಬರೆಯುತ್ತಾರೆ, ಹಾಗಾಗಿ ಮೂಲ ಪದ ಯಾವುದು ಅಂತ ಓದುವವರಿಗೆ ಗೊತ್ತಾಗುತ್ತದೆ. ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ಆ ಗುರುತು ಹೋಯಿತು, ಕಿವಿಗೆ ಕೇಳಿದ ‘ಹಾಲಿಯಾ’ ಮಾತ್ರ ಉಳಿಯಿತು.

ಇದರ ಹಿಂದೆ ಭೂಮಾಪನದ ಕಥೆ ಇದೆ. 1824ರಲ್ಲಿ ಬ್ರಿಟಿಷರು ಐರ್ಲೆಂಡಿನ ಸರ್ವೆ ಶುರು ಮಾಡಿದರು, ಒಂದು ಮೈಲಿಗೆ ಆರು ಇಂಚಿನ ನಕ್ಷೆ. ಐರಿಷ್ ಬಲ್ಲ ವಿದ್ವಾಂಸ ಜಾನ್ ಒ’ಡೊನೊವನ್ 1830ರ ದಶಕದಲ್ಲಿ ಊರೂರು ತಿರುಗಿ ಜನರನ್ನು ಕೇಳಿ ಮೂಲ ಹೆಸರು ಬರೆದುಕೊಂಡರು. ಆದರೆ ನಕ್ಷೆಗೆ ಹೋದದ್ದು ಇಂಗ್ಲಿಷ್ ಓದುವವರಿಗೆ ಬೇಕಾದ ರೂಪ. ಮಡಿಕೇರಿಯನ್ನು ಮರ್ಕೆರಾ ಮಾಡಿದ ಹಾಗೆ. ನಾಲ್ಕು ಸಣ್ಣ ಪದ ಬಿಡಿಸಿ ಬರೆದಿದ್ದರೆ ಯಾರಿಗೂ ನಗು ಬರುತ್ತಿರಲಿಲ್ಲ. ಒಟ್ಟಿಗೆ ಅಂಟಿಸಿದ್ದಕ್ಕೇ 22 ಅಕ್ಷರ ಆಯಿತು. ಕನ್ನಡದಲ್ಲಿ ಬರೆದರೆ ಹತ್ತೇ ಅಕ್ಷರ ನೋಡಿ.

ಬಂದರು ರಸ್ತೆ

ಅಲ್ಲಿ ಇಂಥ ಹೆಸರು ಇನ್ನೂ ಇದೆ. ಕಾರ್ಕ್ ಹತ್ತಿರ ‘ಓವನ್ಸ್’ ಅಂತ ಊರು. ಬೇಕರಿಯ ಓವನ್ ಅಲ್ಲ, ಐರಿಷ್‌ನ ‘ಊವನ’, ಅಂದರೆ ಗುಹೆಗಳು. ಮೀತ್ ಕೌಂಟಿಯ ‘ನಾಬರ್’ ಹೆಸರು ಕೇಳಿದರೆ ಇಂಗ್ಲಿಷ್‌ನವರಿಗೆ ನಗು, ಮೂಲದಲ್ಲಿ ‘ಅನ್ ಒಬರ್’, ಕೆಲಸ ಅಂತ ಅರ್ಥ, ಮೊದಲ ಪದದ ‘ನ್’ ಬಂದು ಎರಡನೆಯದಕ್ಕೆ ಅಂಟಿಕೊಂಡಿತು.

ಲಿಮರಿಕ್‌ನ ‘ಎಫಿನ್’ ಊರಿನವರ ಕಷ್ಟ ಕೇಳಿ. ಒಬ್ಬ ಸಂತರ ಹೆಸರಿನಿಂದ ಬಂದ ಊರು. ಆದರೆ ಇಂಗ್ಲಿಷ್‌ನಲ್ಲಿ ಅದು ಬೈಗುಳದ ಹಾಗೆ ಕೇಳಿಸುತ್ತದೆ, ಹಾಗಾಗಿ 2011ರಲ್ಲಿ ಫೇಸ್‌ಬುಕ್ ಅದನ್ನು ಹುಟ್ಟೂರು ಅಂತ ಹಾಕಲು ಬಿಡಲಿಲ್ಲ. ಊರಿನವರು ಹಟ ಹಿಡಿದ ಮೇಲೆ ಒಪ್ಪಿದರು. ಒಳ್ಳೆಯದು ಮಾಡಿದರು. ಹುಟ್ಟಿದ ಊರನ್ನು ಯಾರೋ ಬೈಗುಳ ಅಂದರೆ ಸುಮ್ನೆ ಕೂರಲು ಆಗುತ್ತದಾ? ನಮ್ಮ ಮಂಗಳೂರಿನ ಹಂಪನಕಟ್ಟೆ ಹೆಸರು ಕೇಳಿ ಹಂಪಿಗೆ ಏನು ಸಂಬಂಧ ಅಂತ ಹೊರಗಿನವರು ಕೇಳುತ್ತಾರೆ, ದಾರಿಹೋಕರಿಗೆ ನೀರು ಕೊಡುತ್ತಿದ್ದ ಅಪ್ಪಣ್ಣನ ಕಟ್ಟೆ ಅಂತ ಹಿರಿಯರು ಹೇಳುವುದನ್ನು ನಾನು ಪ್ರತಿ ಸಲ ಕೂತು ವಿವರಿಸುತ್ತೇನೆ.

ಕೂಳೂರಿನವ

ಎಲ್ಲರಿಗೂ ಥ್ಯಾಂಕ್ಸ್. ನರ್ಸಕ್ಕ ಬರೆದದ್ದನ್ನು ಮಗಳಿಗೆ ಓದಿ ಹೇಳಿದೆ. ಈಗ ಅವಳು ಹೆಸರನ್ನು ನಾಲ್ಕು ಪದ ಮಾಡಿ ಹೇಳುತ್ತಾಳೆ, ಎಲ್ಲೂ ತಡೆಯುವುದಿಲ್ಲ. ‘ಹಾಲ್ಯ’ ಮಾತ್ರ ಐದಾರು ಸಲ ಹೇಳಿಸಿದಳು.

ಅಮ್ಮ ಕೇಳಿದ್ದು ಒಂದೇ ಮಾತು. ‘ಹಂದಿಯ ಊರಾ? ನಮ್ಮ ಪಕ್ಕದಲ್ಲಿ ಪಂಜಿಮೊಗರು ಇಲ್ವಾ?’ ತುಳುವಿನಲ್ಲಿ ಪಂಜಿ ಅಂದರೆ ಹಂದಿ, ದಿನಾ ಆ ದಾರಿಯಲ್ಲೇ ಹೋಗುತ್ತೇನೆ, ಒಂದು ದಿನವೂ ಯೋಚನೆ ಮಾಡಿರಲಿಲ್ಲ. ಎರಡು ನೀರಿನ ನಡುವಿನ ನೆಲ ಬೇಕಾದರೆ ತಣ್ಣೀರುಬಾವಿ ಇದೆ, ಒಂದು ಕಡೆ ಫಲ್ಗುಣಿ, ಇನ್ನೊಂದು ಕಡೆ ಸಮುದ್ರ. ಸಮುದ್ರ ಉಬ್ಬಿ ಭರತ ಬಂದಾಗ ಹೊಳೆಯ ನೀರೂ ಉಪ್ಪೇ. ಅಂಥ ಜಾಗಕ್ಕೆ ತಣ್ಣನೆ ನೀರಿನ ಬಾವಿಯ ಹೆಸರು! ಭಾನುವಾರ ಸುಲ್ತಾನ್ ಬತ್ತೇರಿಯಿಂದ ಫೆರಿಯಲ್ಲಿ ಮಗಳನ್ನು ಕರೆದುಕೊಂಡು ಹೋಗುತ್ತೇನೆ. ಆ ಬಾವಿ ಯಾವುದು ಅಂತ ಬೆಂಗ್ರೆ ಕಡೆಯವರು ಯಾರಾದರೂ ಇದ್ದರೆ ಇಲ್ಲೇ ಹೇಳಿ.