ಆಗ್ರಾ ಟು ಜೈಪುರ, ಮಧ್ಯೆ ಭರತ್‌ಪುರ ಪಾರ್ಕ್‌ಗೆ ಗೈಡ್ ಬೇಕಾ?

ಡಿಸೆಂಬರ್‌ನಲ್ಲಿ ಅಪ್ಪ ಅಮ್ಮನ್ನ ಕರ್ಕೊಂಡು ಆಗ್ರಾದಿಂದ ಜೈಪುರಕ್ಕೆ ಕಾರಲ್ಲಿ ಹೋಗ್ತಿದೀವಿ, ದಾರೀಲಿ ಕೇವಲಾದೇವ್ (ಭರತ್‌ಪುರದ ಪಕ್ಷಿಧಾಮ) ನೋಡೋಣ ಅಂತ, ಏಜೆಂಟ್ ಪ್ರೈವೇಟ್ ಗೈಡ್ ಸೇರಿಸಿ ಸಿಕ್ಕಾಪಟ್ಟೆ ರೇಟ್ ಹೇಳ್ತಿದಾನೆ. ಬೇಕಾ?

ಉತ್ತರ 1: ಬೇಡ ಗುರು. ಒಳಗಡೆ ಸೈಕಲ್ ರಿಕ್ಷಾ ಸಿಗುತ್ತೆ, ಓಡಿಸೋರಿಗೇ ಹಕ್ಕಿ ಎಲ್ಲಾ ಗೊತ್ತು. ನಮ್ಮ ರಿಕ್ಷಾದಜ್ಜ ಪೆಡಲ್ ನಿಲ್ಲಿಸಿ ಬರೀ ಗಲ್ಲ ಎತ್ತಿ ತೋರಿಸ್ದ, ಮರದ ಪೊಟರೇಲಿ ಎರಡು ಗೂಬೆ ಮರಿ, ನಾನಾಗಿದ್ರೆ ಸತ್ರೂ ಕಾಣ್ತಿರ್ಲಿಲ್ಲ.

ಉತ್ತರ 2: ಪಾರ್ಕ್ ಬರೀ 29 ಚದರ ಕಿ.ಮೀ., ಅರ್ಧ ದಿನ ಸಾಕು. ಬೆಳಗ್ಗೆ ಬೇಗ ಹೊರಡಿ, ಆಗ್ರಾದಿಂದ ಒಂದೂವರೆ ಗಂಟೆ ದಾರಿ. ಯಾರಾದ್ರೂ ಸೈಬೀರಿಯನ್ ಕ್ರೇನ್ (ಚಳಿಗಾಲಕ್ಕೆ ವಲಸೆ ಬರ್ತಿದ್ದ ಹಕ್ಕಿ) ತೋರಿಸ್ತೀನಿ ಅಂದ್ರೆ ನಂಬ್ಬೇಡಿ, 2002 ಆದ್ಮೇಲೆ ಬಂದಿಲ್ಲ.

ಉತ್ತರ 3: ನಮ್ಮ ಕೊಕ್ಕರೆ ಬೆಳ್ಳೂರಿನ ಬಣ್ಣದ ಕೊಕ್ಕರೆ ಅಲ್ಲೂ ಇದೆ 😄 ಸ್ವೆಟರ್ ಮರೀಬೇಡಿ, ಮಂಜು ಜಾಸ್ತಿ.